ಎರಡು ಚಿತ್ರಪಟಗಳು ಮತ್ತು ಬರೆಯದೆ ಉಳಿದ ಒಂದು ಕಥೆ

ಒಂದು ವರ್ಷದ ಅಂತರದಲ್ಲಿ ಕನ್ನಡದಲ್ಲಿ ಎರಡು ಚಿತ್ರಪಟಗಳು ತೆರೆಕಂಡವು. ಮೊದಲನೆಯದು 2015ರ 'ನಾನು ಅವನಲ್ಲ... ಅವಳು', ಅದರ ನಿರ್ದೇಶಕರು ಬಿ. ಎಸ್. ಲಿಂಗದೇವರು. ಎರಡನೆಯದು 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'; ಅದರ ನಿರ್ದೇಶಕರು ಹೇಮಂತ್ ರಾವ್. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸಿದ ಜೀವವೊಂದರ ಕಥೆ ಅದು. ಮರೆವಿನ ರೋಗಕ್ಕೆ ತುತ್ತಾದ ಮುದುಕನೊಬ್ಬನ ಕಥೆ ಇದು. ಎರಡನ್ನೂ ನೋಡಿದವರು ನಮ್ಮ ವಾಚಕರಲ್ಲಿ ಹಲವರಿರಬೇಕು. ಆದರೆ ಇವನ್ನು ಪಕ್ಕದಲ್ಲಿ ಪಕ್ಕದಲ್ಲಿ ಇಟ್ಟು ಯೋಚಿಸಿದವರು ವಿರಳ. ಹಾಗೆ ಇಟ್ಟು ನೋಡಿದರೆ ನಡುವೆ ಒಂದು ದೊಡ್ಡ ಬಯಲು ಕಾಣುತ್ತದೆ. ಮೊದಲನೆಯ ಕಥೆಯ ವಿದ್ಯಾ ಎಪ್ಪತ್ತು ವರ್ಷದ ಮುದುಕಿಯಾಗಿ, ಎರಡನೆಯ ಕಥೆಯ ವೆಂಕೋಬರಾಯರಿಗೆ ಬಂದ ರೋಗವೇ ಅವಳಿಗೂ ಬಂದರೆ ಏನಾದೀತು? ಈ ಪ್ರಶ್ನೆಯನ್ನು ನಮ್ಮ ಕಾವ್ಯವಾಗಲಿ ನಾಟಕವಾಗಲಿ ಚಿತ್ರಪಟವಾಗಲಿ ಇನ್ನೂ ನೇರವಾಗಿ ಎತ್ತಿಕೊಂಡಿಲ್ಲ. ಇದು ಕೇವಲ ಒಂದು ವಸ್ತುವಿನ ಕೊರತೆಯೆಂದು ನಮಗೆ ತೋರುವುದಿಲ್ಲ. ಮನುಷ್ಯನನ್ನು ನಾವು ಯಾವ ಗುರುತಿನಿಂದ ಅರಿಯುತ್ತೇವೆ ಎಂಬ ಮೂಲ ವಿಚಾರವೇ ಇದರಲ್ಲಿ ಅಡಗಿದೆ.

ಎರಡೂ ಚಿತ್ರಗಳ ಹೆಸರುಗಳನ್ನೇ ಮೊದಲು ನೋಡೋಣ. 'ನಾನು ಅವನಲ್ಲ... ಅವಳು' ಎಂಬ ಹೆಸರಿನಲ್ಲಿ ಮೂರು ಸರ್ವನಾಮಗಳಿವೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರು ತಮಿಳಿನಲ್ಲಿ ಬರೆದ ಆತ್ಮಕಥೆಯನ್ನು ಇದೇ ಹೆಸರಿನಿಂದ ಕನ್ನಡಕ್ಕೆ ತಂದವರು ತಮಿಳ್ ಸೆಲ್ವಿ ಅವರು. 'ನಾನು' ಎಂಬ ಪದಕ್ಕೆ ಕನ್ನಡದಲ್ಲಿ ಲಿಂಗವಿಲ್ಲ. ಗಂಡಸೂ ಹೆಂಗಸೂ ಅದನ್ನೇ ಆಡುತ್ತಾರೆ. 'ಅವನು', 'ಅವಳು' ಎಂಬವು ಇತರರು ನಮ್ಮ ಮೇಲೆ ಹಾಕುವ ಪದಗಳು. ಲಿಂಗವಿಲ್ಲದ ಒಂದು ಪದ, ಲಿಂಗವುಳ್ಳ ಎರಡು ಪದಗಳಲ್ಲಿ ಒಂದನ್ನು ತಳ್ಳಿ ಇನ್ನೊಂದನ್ನು ಕೈಹಿಡಿಯುತ್ತದೆ. ಆ ಮೂರು ಚುಕ್ಕಿಗಳಲ್ಲಿ ಒಂದು ಜೀವಮಾನದ ಹೋರಾಟವೇ ಇದೆ. ಮಾದೇಶನಾಗಿಯೂ ವಿದ್ಯಾ ಆಗಿಯೂ ಅಭಿನಯಿಸಿದ ಸಂಚಾರಿ ವಿಜಯ್ ಅವರಿಗೆ ಅರವತ್ತೆರಡನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ಬಂದಿತು. ಆ ನಟ 2021ರಲ್ಲಿ ಅಪಘಾತಕ್ಕೆ ಈಡಾಗಿ ಅಕಾಲದಲ್ಲಿ ತೀರಿಕೊಂಡರು.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಎಂಬುದು ಕಾಣೆಯಾದವರ ಪ್ರಕಟಣೆಯ ಮಾತು. ಪೋಲೀಸು ಠಾಣೆಯ ಗೋಡೆಯ ಮೇಲೆ, ದಿನಪತ್ರಿಕೆಯ ಮೂಲೆಯಲ್ಲಿ ನಾವು ಓದಿ ಮರೆಯುವ ಆ ಸಾಲನ್ನೇ ಹೆಸರಾಗಿಸಿದ್ದು ನಿರ್ದೇಶಕರ ಜಾಣ್ಮೆ. ಅನಂತನಾಗ್ ಅಭಿನಯಿಸಿದ ವೆಂಕೋಬರಾಯರು ಆಲ್ಜೈಮರ್ ರೋಗದಿಂದ ಆರೈಕೆಯ ನಿಲಯವೊಂದರಲ್ಲಿರುವರು. ಮುಂಬಯಿಯಲ್ಲಿ ನೌಕರಿಗಿರುವ ಮಗ ಶಿವ ಬಂದು ಅವರನ್ನು ಹೊರಗೆ ಕರೆದೊಯ್ದಾಗ ಅವರು ಜನಜಂಗುಳಿಯಲ್ಲಿ ಕಳೆದುಹೋಗುವರು. ತಂದೆಯನ್ನು ಹುಡುಕುತ್ತ ಹೋದ ಮಗನಿಗೆ, ತಂದೆ ಎಂತಹ ಮನುಷ್ಯರೆಂಬುದು ಕಂಡಕಂಡವರ ಬಾಯಿಂದ ತಿಳಿಯುತ್ತದೆ. ಬಣ್ಣ, ಎತ್ತರ, ಮೈಕಟ್ಟು, ತೊಟ್ಟ ಅಂಗಿ: ಪ್ರಕಟಣೆಯಲ್ಲಿ ಬರೆದ ಯಾವುದೂ ಆ ಮನುಷ್ಯನಲ್ಲ ಎಂಬ ಅರಿವೇ ಕೃತಿಯ ರಸ. ಕೊಲೆಗಾರರ ಉಪಕಥೆ ಅಗತ್ಯಕ್ಕಿಂತ ಹೆಚ್ಚು ಎಡೆ ತಿಂದಿದೆಯೆಂಬುದು ನಮ್ಮ ಅಭಿಪ್ರಾಯ. ಆದರೂ ಅನಂತನಾಗರ ಕಣ್ಣುಗಳಲ್ಲಿ ನೆನಪು ಬಂದು ಹೋಗುವ ಬಗೆಯನ್ನು ಕಂಡವರು ಆ ದೋಷವನ್ನು ಮನ್ನಿಸುವರು.

ಇನ್ನು ಎರಡನ್ನೂ ಕೂಡಿಸಿ ನೋಡೋಣ. ವಿದ್ಯಾಳಂತಹ ಮುದುಕಿಯೊಬ್ಬಳು ಮಿರಜ ಜಂಕ್ಷನ್ನಿನಲ್ಲಿ ದಾರಿತಪ್ಪಿ ಕಳೆದುಹೋದಳೆಂದು ಇಟ್ಟುಕೊಳ್ಳೋಣ. ಕಾಣೆಯಾದವರ ಪ್ರಕಟಣೆಯನ್ನು ಯಾರು ಬರೆಯಬೇಕು? ಐವತ್ತು ವರ್ಷಗಳ ಹಿಂದೆ ಮನೆಯಿಂದ ಹೊರಹಾಕಿದ ಅಣ್ಣತಮ್ಮಂದಿರು ಬರೆದರೆ ಹಳೆಯ ಹೆಸರು ಬೀಳುತ್ತದೆ. ಜೊತೆಯಲ್ಲಿ ಬಾಳಿದ ಚೇಲೆ ಬರೆಸಹೋದರೆ, 'ನೀನು ಇವರಿಗೆ ಏನಾಗಬೇಕು?' ಎಂಬ ಪ್ರಶ್ನೆ ಬರುತ್ತದೆ. ಲಿಂಗವೆಂಬ ಅಂಕಣದಲ್ಲಿ ಏನು ತುಂಬಬೇಕು? ಉಟ್ಟದ್ದು ಸೀರೆ, ದನಿ ಗಂಡಸಿನದು, ಪಡಿತರ ಚೀಟಿಯ ಹೆಸರು ಒಂದು, ಕರೆದರೆ ಓಗೊಡುವ ಹೆಸರು ಇನ್ನೊಂದು. ಕೊನೆಗೆ ಯಾರೋ ಪುಣ್ಯಾತ್ಮರು ಅವಳನ್ನು ಕಂಡು 'ನಿನ್ನ ಹೆಸರೇನು?' ಎಂದು ಕೇಳಿದರೆ, ಅವಳ ಬಾಯಿಂದ ಯಾವ ಹೆಸರು ಬರುವುದು? ವೆಂಕೋಬರಾಯರ ಪ್ರಕಟಣೆಯಲ್ಲಿ ಮನುಷ್ಯ ಅಡಗಿಹೋಗಿದ್ದ. ಇಲ್ಲಿ ಪ್ರಕಟಣೆಯನ್ನು ಬರೆಯುವುದೇ ಸಾಧ್ಯವಾಗದು.

ಇದು ಕಲ್ಪನೆಯ ಕಸರತ್ತಲ್ಲ. 2011ರ ಜನಗಣತಿಯಲ್ಲಿ ಗಂಡು ಹೆಣ್ಣು ಎರಡೂ ಅಲ್ಲದ 'ಇತರೆ' ಎಂಬ ಅಂಕಣದಲ್ಲಿ ಭಾರತದಾದ್ಯಂತ 4,87,803 ಜನ ಎಣಿಕೆಗೆ ಬಂದರು. ಅವರಲ್ಲಿ ಮಹಾರಾಷ್ಟ್ರದವರು 40,891, ಕರ್ನಾಟಕದವರು 20,266. ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಜನರಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಈ ಎರಡು ಅಂಕಿಗಳನ್ನು ಗುಣಿಸಿ ಮೂರನೆಯದನ್ನು ತೆಗೆಯುವುದು ಗಣಿತದ ಮಾಸ್ತರರಿಗೂ ಸಲ್ಲದು. ಅದು ನಮ್ಮ ಉದ್ದೇಶವೂ ಅಲ್ಲ. ಅಂತಹ ಮುದಿಜೀವಗಳು ನಮ್ಮ ನಡುವೆ ಇರುವುದು ಸಹಜ ಎಂಬಷ್ಟು ತಿಳಿದರೆ ಸಾಕು. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರ್ ಬಾರಿಲ್ ಮತ್ತು ಮಾರ್ಜೊರಿ ಸಿಲ್ವರ್‌ಮನ್ ಎಂಬ ವಿದ್ವಾಂಸರು 2019ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇವರ ಬಾಳನ್ನು 'ಮರೆತ ಬಾಳುಗಳು' ಎಂದು ಕರೆದರು. ಆ ಮಾತಿನ ಶ್ಲೇಷೆ ಕನ್ನಡದಲ್ಲಿಯೂ ಉಳಿಯುತ್ತದೆ. ಮರೆತವರು ರೋಗಿಗಳೋ, ಲೋಕವೋ?

ಮರೆವಿನ ಬಗೆಗೆ ವೈದ್ಯರು ಹೇಳುವುದನ್ನು ಸ್ವಲ್ಪ ತಿಳಿದಿರಬೇಕು. ಇಲ್ಲವಾದರೆ ಕೃತಿಯ ಔಚಿತ್ಯವನ್ನು ಅಳೆಯಲಾಗದು. ಜರ್ಮನಿಯ ಆಲ್ಜೈಮರ್ ಎಂಬ ವೈದ್ಯನು ತನ್ನ ಹೆಸರಿನ ರೋಗವನ್ನು ವೈದ್ಯರ ಸಭೆಯಲ್ಲಿ ಮೊದಲು ವಿವರಿಸಿದ್ದು 1906ರಲ್ಲಿ. ಅದಕ್ಕೂ ಮೊದಲೇ, 1881ರಲ್ಲಿ, ಫ್ರಾನ್ಸಿನ ರಿಬೊ ಎಂಬ ಮನಃಶಾಸ್ತ್ರಜ್ಞನು ಒಂದು ನಿಯಮವನ್ನು ಹೇಳಿದ್ದನು: ನೆನಪು ಅಳಿಯುವಾಗ ಹೊಸತು ಮೊದಲು ಹೋಗುತ್ತದೆ, ಹಳೆಯದು ಕೊನೆಯವರೆಗೆ ನಿಲ್ಲುತ್ತದೆ. ಸುಣ್ಣ ಹೊಡೆದ ಗೋಡೆಯ ಪೊರೆಗಳು ಮೇಲಿನಿಂದ ಉದುರುವಂತೆ. ನಿನ್ನೆ ಉಂಡದ್ದು ಮರೆತ ಮುದುಕ, ಬಾಲ್ಯದ ಶಾಲೆಯ ಪದ್ಯವನ್ನು ತಪ್ಪಿಲ್ಲದೆ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಾಗಾದರೆ ನಡುವಯಸ್ಸಿನಲ್ಲಿ ಹೆಣ್ಣಾದವಳ ಗತಿಯೇನು? ಮೇಲಿನ ಪೊರೆ ಉದುರಿ ಕೆಳಗಿನ ಹುಡುಗ ಕಾಣಿಸಿಕೊಳ್ಳಬಹುದು. ಕನ್ನಡಿಯಲ್ಲಿ ಕಾಣುವ ಮೈಯೇ ಆ ಜೀವಕ್ಕೆ ಅಪರಿಚಿತವಾಗಬಹುದು. ಪರದೇಶಗಳಲ್ಲಿ ಅರವತ್ತರ ನಂತರ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವಿಷಯದಲ್ಲಿ ದಾದಿಯರಿಗೂ ಬಂಧುಗಳಿಗೂ ಇರುವ ಭಯ ಇದೇ.

ಆದರೆ ನಮ್ಮ ಕಡೆಯ ಸ್ಥಿತಿ ಬೇರೆಯೆಂಬುದನ್ನು ಇಲ್ಲಿ ಗಮನಿಸಬೇಕು. ಮುದುಕರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ಅನುಭವಗಳನ್ನೇ ಹೆಚ್ಚು ನೆನೆಯುತ್ತಾರೆಂದು ಮನಃಶಾಸ್ತ್ರಜ್ಞರು ಕಂಡಿದ್ದಾರೆ. ನಮ್ಮಲ್ಲಿ ಹಲವರು ಮನೆ ಬಿಟ್ಟು ಗುರುವನ್ನು ಸೇರುವುದು, ಜೋಗಪ್ಪನಾಗಿ ಮುತ್ತು ಕಟ್ಟಿಸಿಕೊಳ್ಳುವುದು ಆ ವಯಸ್ಸಿನಲ್ಲಿಯೇ. ಆದುದರಿಂದ ಹೆಣ್ಣುಹೆಸರು ಅವರ ಮನಸ್ಸಿನ ಮೇಲ್ಪೊರೆಯಲ್ಲ. ಅದು ಗೋಡೆಯ ಕಲ್ಲಿನ ಮಟ್ಟಕ್ಕೇ ಇಳಿದಿರುತ್ತದೆ. 'ವಯಸ್ಸಾಯಿತು, ವೇಷ ಕಳಚಿತು, ಇನ್ನು ಮೂಲಕ್ಕೆ ಮರಳಿದ' ಎಂದು ಸುಲಭವಾಗಿ ತೀರ್ಪು ಕೊಡುವ ಲೇಖಕನು, ವೈದ್ಯಶಾಸ್ತ್ರವನ್ನೂ ಬಾಳನ್ನೂ ಏಕಕಾಲಕ್ಕೆ ತಪ್ಪಾಗಿ ಓದಿದಂತಾಗುವುದು.

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮಲ್ಲಿ ಹಾಸ್ಯಕ್ಕೆ ಬಳಕೆಯಾಗುತ್ತದೆ. ಆ ಗಾದೆಯ ಪದಗಳನ್ನೇ ಬೇಂದ್ರೆಯವರು ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರು 1896ರಲ್ಲಿ ಹುಟ್ಟಿದವರಾದುದರಿಂದ, ಆ ಸಂಗ್ರಹ ಬರುವ ವೇಳೆಗೆ ಗಾದೆಯ ವಯಸ್ಸು ಅವರಿಗೆ ಆಗಿತ್ತು. ಬುದ್ಧಿ ಕದಡಿತೆಂಬ ಅರ್ಥದ ಪದಗಳಲ್ಲಿ, ಮರಳಿ ಅರಳುವುದೆಂಬ ಅರ್ಥವನ್ನು ಅವರು ಕಂಡರು. ಮುಪ್ಪನ್ನು ಕೇವಲ ಕಳೆತವೆಂದು ಎಣಿಸದ ದೃಷ್ಟಿ ಕನ್ನಡಕ್ಕೆ ಹೊಸತಲ್ಲವೆಂದು ತೋರಿಸಲು ಇದನ್ನು ನೆನೆದೆವು. ಆದರೆ ರೋಗವನ್ನು ಬರಿಯ ಶ್ಲೇಷೆಯಿಂದ ಗೆಲ್ಲಲಾಗದು ಎಂಬುದನ್ನೂ ಹೇಳಬೇಕು. ಉಚ್ಚೆ ಹೊಲಸು ತೊಳೆಯುವ ಕೈಗಳ ಕಥೆ ಅದರಲ್ಲಿ ಬರುವುದಿಲ್ಲ.

ಪುರಾಣಕ್ಕೆ ಹೋದರೆ ಏನು ಸಿಗುತ್ತದೆ? ಈ ವಿಷಯ ಬಂದೊಡನೆ ಶಿಖಂಡಿ, ಬೃಹನ್ನಳೆ ಎಂಬ ಎರಡು ಹೆಸರುಗಳನ್ನು ಹೇಳಿ 'ನಮ್ಮ ಸಂಸ್ಕೃತಿ ಎಲ್ಲರನ್ನೂ ಒಪ್ಪಿತ್ತು' ಎಂದು ಮುಗಿಸಿಬಿಡುವುದು ಭಾಷಣಕಾರರ ಅಭ್ಯಾಸ. ನಮಗೆ ಅಷ್ಟು ಸಮಾಧಾನವಿಲ್ಲ. ಬೃಹನ್ನಳೆಯದು ಒಂದು ವರ್ಷದ ಅವಧಿಯ ಶಾಪ. ಅವಧಿ ಮುಗಿದೊಡನೆ ಅರ್ಜುನ ಗಾಂಡೀವ ಹಿಡಿದು ನಿಲ್ಲುತ್ತಾನೆ. ಶಿಖಂಡಿಯದು ಬಾಳು. ದ್ರುಪದನ ಮಗಳಾಗಿ ಹುಟ್ಟಿ, ಗಂಡಾಗಿ ಬೆಳೆದು, ಯಕ್ಷನೊಬ್ಬನಿಂದ ಗಂಡುತನವನ್ನು ಪಡೆದವನು ಅವನು. ಆದರೆ ಭೀಷ್ಮ ಅದನ್ನು ಒಪ್ಪಲಿಲ್ಲ. ಇವನು ಹಿಂದೆ ಹೆಣ್ಣಾಗಿದ್ದವನು, ಇವನ ಮೇಲೆ ಬಾಣ ಬಿಡೆನು ಎಂದು ಆ ಮುದುಕ ಬಿಲ್ಲನ್ನು ಇಳಿಸಿದ. ಇದನ್ನು ನಾವು ಭೀಷ್ಮನ ಧರ್ಮನಿಷ್ಠೆಯೆಂದು ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಇನ್ನೊಂದು ಬದಿಯಿಂದಲೂ ನೋಡಬಹುದಲ್ಲವೆ? ಭೀಷ್ಮನಿಗೆ ಮರೆವೆಂಬುದಿಲ್ಲ. ಕಣ್ಣೆದುರು ರಥದ ಮೇಲೆ ನಿಂತ ವೀರನನ್ನು ಅವನು ಕಾಣುವುದಿಲ್ಲ. ತನ್ನ ನೆನಪಿನಲ್ಲಿರುವ ಹೆಣ್ಣನ್ನೇ ಕಾಣುತ್ತಾನೆ. ಶಿಖಂಡಿ ಯಾರೆಂಬುದನ್ನು ನಿರ್ಣಯಿಸಿದ್ದು ಶಿಖಂಡಿಯ ಮಾತಲ್ಲ, ಭೀಷ್ಮನ ಸ್ಮರಣೆ. ಹಳೆಯ ಹೆಸರನ್ನು ಬಿಡದೆ ಹಿಡಿದ ಬಂಧುಗಳೆಲ್ಲರೂ ಈ ಭೀಷ್ಮನ ವಂಶದವರೇ. ಸ್ಮೃತಿಯೆಂದರೆ ಯಾವಾಗಲೂ ಒಳ್ಳೆಯದು, ವಿಸ್ಮೃತಿಯೆಂದರೆ ಯಾವಾಗಲೂ ಕೆಟ್ಟದ್ದು ಎಂಬ ಸರಳ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು.

ಇನ್ನು ಶಿಖಂಡಿಗೆ ಮುಪ್ಪು ಬರಲಿಲ್ಲ. ಯುದ್ಧ ಮುಗಿದ ರಾತ್ರಿಯೇ ಅಶ್ವತ್ಥಾಮನ ಕತ್ತಿಗೆ ಬಲಿಯಾದ. ನಮ್ಮ ಕಾವ್ಯಪರಂಪರೆಯಲ್ಲಿ ಮುದುಕನಾದ ಶಿಖಂಡಿ ಇಲ್ಲ, ಮುದುಕಿಯಾದ ಬೃಹನ್ನಳೆ ಇಲ್ಲ. ಇಂದಿನ ಆತ್ಮಕಥೆಗಳಲ್ಲಿಯೂ ಹೆಚ್ಚಿನವು ಮನೆ ಬಿಟ್ಟು ಹೊರಟಾಗ ತೊಡಗಿ, ಮೈಯನ್ನೂ ಹೆಸರನ್ನೂ ಗಳಿಸಿಕೊಂಡಾಗ ಶಿಖರ ಮುಟ್ಟುತ್ತವೆ. ವಿದ್ಯಾ ಅವರದೂ ಹಾಗೆಯೇ. ಗಳಿಸಿದ್ದು ಕೈಬಿಟ್ಟು ಜಾರುವ ಕಾಲವನ್ನು ಬರೆಯಲು ಬರೆಯುವವರಿಗೆ ಇನ್ನೂ ವಯಸ್ಸಾಗಿರಲಿಲ್ಲ ಎಂಬುದೂ ಒಂದು ಕಾರಣ. ಇನ್ನೊಂದು ಕಾರಣ ಪ್ರಕಾರದ್ದೇ. ಆತ್ಮಕಥೆ ನೆನಪಿನಿಂದ ಹುಟ್ಟುವ ಸಾಹಿತ್ಯ. ನೆನಪು ಹೋದವರು ಆತ್ಮಕಥೆಯನ್ನು ಹೇಗೆ ಬರೆದಾರು? ಇಲ್ಲಿ ಇನ್ನೊಬ್ಬರು ಬರೆಯಲೇಬೇಕು. ಬರೆಯುವ ಆ ಇನ್ನೊಬ್ಬರು 'ಅವನು' ಎಂದು ಬರೆಯುವರೋ 'ಅವಳು' ಎಂದೋ ಎಂಬ ಪ್ರಶ್ನೆ ಮೊದಲ ವಾಕ್ಯದಲ್ಲಿಯೇ ಎದುರು ನಿಲ್ಲುತ್ತದೆ.

ನಮ್ಮ ಸೀಮೆಗೆ ಹತ್ತಿರದ ಕೃತಿಯೊಂದನ್ನು ಈಗ ತೆಗೆದುಕೊಳ್ಳೋಣ. ಮರಾಠಿಯ ರಾಜನ್ ಗವಸ್ ಅವರು ಎಲ್ಲಮ್ಮನಿಗೆ ಬಿಟ್ಟವರ ಬಾಳನ್ನು ಕುರಿತು 'ಚೌಂಡಕ', 'ಭಂಡಾರಭೋಗ' ಎಂಬ ಕಾದಂಬರಿಗಳನ್ನು ಬರೆದರು. ಅವರ ಬರಹವನ್ನು ಆಧರಿಸಿ ರಾಜೀವ ಪಾಟೀಲರು ನಿರ್ದೇಶಿಸಿದ 'ಜೋಗವಾ' ಎಂಬ ಮರಾಠಿ ಚಿತ್ರ 2009ರಲ್ಲಿ ತೆರೆಕಂಡಿತು. ಸವದತ್ತಿಯ ಗುಡ್ಡಕ್ಕೆ ಸಾಂಗಲಿ ಕೊಲ್ಹಾಪುರದ ಕಡೆಯಿಂದ ಹುಣ್ಣಿಮೆಗೆ ಹೋಗುವ ಬಂಡಿಗಳನ್ನು, ಈಗಿನ ಬಸ್ಸುಗಳನ್ನು ಕಂಡ ಬೇಡಗದ ಜನರಿಗೆ ಆ ಚಿತ್ರದ ಲೋಕ ಹೊಸತಲ್ಲ: ಪಡಲಗಿ, ಚೌಡಿಕೆ, ಭಂಡಾರ, 'ಉಧೋ ಉಧೋ' ಎಂಬ ಕೂಗು. ಅದರಲ್ಲಿ ಉಪೇಂದ್ರ ಲಿಮಯೆ ಅಭಿನಯಿಸಿದ ತಾಯಪ್ಪ ಹೆಣ್ಣಾಗಬೇಕೆಂದು ಬಯಸಿದವನಲ್ಲ. ದೇವಿಯ ಆಜ್ಞೆಯೆಂದು ಊರವರು ಅವನಿಗೆ ಸೀರೆ ಉಡಿಸಿದರು. ಒಳಗೆ ಗಂಡಾಗಿಯೇ ಉಳಿದ ಅವನಿಗೂ, ತನ್ನಂತೆಯೇ ಬಲವಂತದಿಂದ ಜೋಗತಿಯಾದ ಸುಳಿ ಎಂಬ ಹುಡುಗಿಗೂ ಹುಟ್ಟಿದ ಪ್ರೀತಿಯೇ ಕಥೆ.

ವಿದ್ಯಾ ಮತ್ತು ತಾಯಪ್ಪ ಇಬ್ಬರೂ ಸೀರೆ ಉಟ್ಟವರೇ. ಒಬ್ಬಳಿಗೆ ಸೀರೆ ಬಿಡುಗಡೆ, ಇನ್ನೊಬ್ಬನಿಗೆ ಸೆರೆ. ಇಬ್ಬರಿಗೂ ಎಪ್ಪತ್ತಾಗಿ ಮರೆವು ಬಂದರೆ, ಒಂದೇ ನಿಯಮದಿಂದ ಇಬ್ಬರ ಆರೈಕೆಯನ್ನೂ ಮಾಡಲಾದೀತೆ? ತಾಯಪ್ಪನ ಬಾಯಿಂದ ಬಾಲ್ಯದ ಗಂಡುಹೆಸರು ಬಂದಾಗ ಅದು ಅರ್ಧ ಶತಮಾನದ ಹೊರೆ ಇಳಿಸಿದ ನಿಟ್ಟುಸಿರಾಗಬಹುದು. ವಿದ್ಯಾಳ ಬಾಯಿಂದ ಅದೇ ಬಂದರೆ, ಅಪ್ಪನ ಪೆಟ್ಟಿಗೆ ಹೆದರಿದ ಹುಡುಗ ಮತ್ತೆ ಮೂಲೆ ಹಿಡಿದು ಕುಳಿತಂತಾಗಬಹುದು. ಹೆಸರು ಯಾವುದೆಂಬುದಕ್ಕಿಂತ ಹೆಸರಿನೊಡನೆ ಮುಖದಲ್ಲಿ ಏನು ಮೂಡಿತೆಂಬುದನ್ನು ನೋಡಬೇಕು. ಆರೈಕೆಯ ಅನುಭವವುಳ್ಳವರೂ ಇದನ್ನೇ ಹೇಳುತ್ತಾರೆ: ಆ ಹೊತ್ತಿಗೆ ರೋಗಿ ತನ್ನನ್ನು ಏನೆಂದು ತಿಳಿದಿರುವರೋ ಅದನ್ನು ಅನುಸರಿಸಿ ನಡೆಯಬೇಕು, ತಿದ್ದಲು ಹೋಗಬಾರದು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಆದರೂ ಸರಿ. ಕಾದಂಬರಿಕಾರನಿಗೆ ಇದಕ್ಕಿಂತ ಕಠಿಣವಾದ ಪಾತ್ರಪೋಷಣೆಯ ಪರೀಕ್ಷೆ ಬೇರೊಂದಿಲ್ಲ. ಪಾತ್ರಕ್ಕೆ ಒಂದು ಸ್ಥಾಯೀಭಾವ ಬೇಕೆಂದು ನಾವು ಪಾಠ ಹೇಳುತ್ತೇವೆ; ಇಲ್ಲಿ ಸ್ಥಾಯಿಯೆಂಬುದೇ ಸಂಚಾರಿಯಾಗಿಬಿಟ್ಟಿದೆ.

ಈ ಸಂದರ್ಭದಲ್ಲಿ ಇನ್ನೊಂದು ಮಾತು. ವೇಷವನ್ನೂ ಬಾಳನ್ನೂ ಬೆರೆಸಬಾರದು. ಮಿರಜ ಸಾಂಗಲಿಗಳು ಬಾಲಗಂಧರ್ವರ ಸ್ತ್ರೀಪಾತ್ರಗಳನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಊರುಗಳು. ರಂಗದ ಮೇಲಿನ ಹೆಣ್ಣನ್ನು ಮೆಚ್ಚಿ ಶಲ್ಯ ಹಾರಿಸಿದ ಪ್ರೇಕ್ಷಕನು, ರೈಲಿನಲ್ಲಿ ಕೈಚಾಚಿದ ಹಿಜಡಾಳ ಕಡೆಗೆ ಮುಖ ತಿರುಗಿಸಿ ಕುಳಿತ. ಬಣ್ಣ ಕಳಚಿದರೆ ಪುರುಷನಾಗುವವನು ಪೂಜ್ಯ. ಬಣ್ಣವಿಲ್ಲದೆಯೇ ಹೆಣ್ಣಾದವಳು ತ್ಯಾಜ್ಯ. ನಮ್ಮ ರಸಿಕತೆಯ ಈ ಬಿರುಕನ್ನು ರಂಗಭೂಮಿಯ ಇತಿಹಾಸಕಾರರು ಎಂದಾದರೂ ಬರೆಯಬೇಕು.

ಜೋಗತಿಯರ ಸ್ವಂತ ದನಿಯಲ್ಲಿ ಬಂದ ಬರಹಗಳಲ್ಲಿ ಮಂಜಮ್ಮ ಜೋಗತಿಯವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಮುಖ್ಯವಾದುದು. ಅದನ್ನು ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ ಅವರು. ಗಂಡು ಹೆಣ್ಣೆಂಬ ಗುರುತುಗಳು ಮೈಯವು, ನಡುವೆ ಇರುವ ಆತ್ಮಕ್ಕೆ ಅವಿಲ್ಲ ಎಂಬ ಜೇಡರ ದಾಸಿಮಯ್ಯನ ವಚನವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಹೆಸರಿನ ಮೂಲ ಹೊಳೆಯದಿರದು. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥನೆಂಬ ಹುಡುಗನಾಗಿ ಹುಟ್ಟಿದ ಇವರು, ಕಾಳವ್ವ ಜೋಗತಿಯವರಿಂದ ಕಲೆಯನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದ ಆ ದೃಶ್ಯವನ್ನು ದೇಶವೆಲ್ಲ ಕಂಡಿತು. ಇಲ್ಲಿ ನಮಗೆ ಬೇಕಾದ ಅಂಶ ಬೇರೆ. ಜೋಗತಿಯರ ವಿದ್ಯೆ ಕಾಗದದ ಮೇಲಿನದಲ್ಲ. ಎಲ್ಲಮ್ಮನ ಕಥೆ, ಹಾಡು, ಕೊಡ ಹೊತ್ತು ಕುಣಿಯುವ ಹದ ಎಲ್ಲವೂ ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಬಂದವು. ಇಂತಹ ಕಲಾವಿದೆಗೆ ನೆನಪು ಹೋಯಿತೆಂದರೆ ಮನೆಯ ಹಿರಿಯರೊಬ್ಬರು ಕುಗ್ಗಿದಂತೆ ಮಾತ್ರವಲ್ಲ, ಒಂದು ಗ್ರಂಥಭಂಡಾರವೇ ಮುಚ್ಚಿದಂತೆ. ಆದರೆ ಒಂದು ಸಮಾಧಾನವಿದೆ. ಹೆಸರು, ದಿನ, ಮುಖ ಮರೆತ ಮೇಲೂ ಬಹುಕಾಲ ಹಾಡಿದ ಹಾಡು ಉಳಿಯುವುದುಂಟೆಂದು ಮರೆವಿನ ರೋಗಿಗಳನ್ನು ಕಂಡವರು ಹೇಳುತ್ತಾರೆ. ತನ್ನ ಹೆಸರು ಹೇಳಲಾರದ ಮುದುಕಿ, ಚೌಡಿಕೆಯ ತಂತಿ ಮಿಡಿದೊಡನೆ ಪದವನ್ನು ಎತ್ತಿಕೊಳ್ಳಬಹುದು. ಶಕುಂತಲೆಗೆ ಉಂಗುರವಿದ್ದಂತೆ ಇವಳಿಗೆ ಅದೇ ಅಭಿಜ್ಞಾನ. ನಾಟಕದಲ್ಲಿ ಮರೆತವನು ದುಷ್ಯಂತ, ಗುರುತು ಕಳೆದುಕೊಂಡವಳು ಶಕುಂತಲೆ. ಇಲ್ಲಿ ಇಬ್ಬರೂ ಒಬ್ಬಳೇ.

ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಅದು ರಂಗಕ್ಕೂ ಬಂದಿತು. ಗುರು, ಚೇಲೆ, ನಾನಿ ಎಂಬ ಸಂಬಂಧಗಳಿಂದ ಕಟ್ಟಿದ ಹಿಜಡಾ ಮನೆತನದ ಒಳಗನ್ನು ಕನ್ನಡದ ಓದುಗನಿಗೆ ಅದರಷ್ಟು ಬಿಚ್ಚಿ ತೋರಿಸಿದ ಕೃತಿಗಳು ಕಡಿಮೆ. ಆ ಮನೆತನದಲ್ಲಿ ಪ್ರೀತಿಯೂ ಇದೆ, ದಂಡವೂ ಇದೆ. ರೇವತಿಯವರು ಎರಡನ್ನೂ ಮುಚ್ಚಿಡಲಿಲ್ಲ. ಮುಪ್ಪಿನಲ್ಲಿ ಗುರುವಿಗೆ ಗಂಜಿ ಕಾಯಿಸಿ ಕುಡಿಸುವವಳು ಚೇಲೆ. ಆದರೆ ಸರಕಾರದ ಕಾಗದದಲ್ಲಿ ಈ ಸಂಬಂಧಕ್ಕೆ ಹೆಸರಿಲ್ಲ. ವೃದ್ಧರ ಪೋಷಣೆಗಾಗಿ 2007ರಲ್ಲಿ ಬಂದ ಕಾಯದೆ ಮಕ್ಕಳು, ಮೊಮ್ಮಕ್ಕಳು, ಆಸ್ತಿಗೆ ವಾರಸುದಾರರಾದ ಬಂಧುಗಳು ಎಂದು ಎಣಿಸಿತು. ತೃತೀಯಲಿಂಗಿಗಳ ಹಕ್ಕಿಗೆಂದೇ 2019ರಲ್ಲಿ ಆದ ಕಾಯದೆಯೂ ಕುಟುಂಬವೆಂದರೆ ರಕ್ತ, ವಿವಾಹ, ದತ್ತಕ ಎಂದೇ ಬರೆಯಿತು. 2017ರ ಮಾನಸಿಕ ಆರೋಗ್ಯ ಕಾಯದೆಯಲ್ಲಿ ಮಾತ್ರ ಒಂದು ಕಿಂಡಿ ಇದೆ. ಬುದ್ಧಿ ನೆಟ್ಟಗಿರುವಾಗಲೇ, ಮುಂದೆ ತನ್ನ ಪರವಾಗಿ ಮಾತಾಡಬೇಕಾದವರು ಯಾರೆಂದು ಬರೆದಿಡಬಹುದು. ಅವರು ರಕ್ತಸಂಬಂಧಿಯೇ ಆಗಬೇಕೆಂಬ ನಿರ್ಬಂಧ ಅದರಲ್ಲಿ ಇಲ್ಲ. ವಿಮರ್ಶೆಯಲ್ಲಿ ಕಾಯದೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಕಥೆಯಲ್ಲಿ ಸಂಘರ್ಷ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತೋರಿಸಲೆಂದೇ ಹೇಳಿದೆವು. ಆಸ್ಪತ್ರೆಯ ಬಾಗಿಲಲ್ಲಿ ಒಂದು ಕಡೆ ಐವತ್ತು ವರ್ಷ ಮುಖ ತೋರಿಸದ ತಮ್ಮ, ಇನ್ನೊಂದು ಕಡೆ ಮೂವತ್ತು ವರ್ಷ ಜೊತೆಗಿದ್ದ ಚೇಲೆ. ಒಳಗೆ ಇಬ್ಬರನ್ನೂ ಗುರುತಿಸದ ಜೀವ. ಇಷ್ಟಿದ್ದರೆ ನಾಟಕದ ಮೂರನೆಯ ಅಂಕ ತಾನಾಗಿಯೇ ನಡೆಯುತ್ತದೆ.

ಕೊನೆಯದಾಗಿ, ಭಾಷೆಯನ್ನು ಕಲಿಸುವವರಾದ ನಮಗೆ ತೀರ ಹತ್ತಿರದ ವಿಷಯಕ್ಕೆ ಬರೋಣ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ವ್ಯಾಕರಣದ ತಾಸಿನಲ್ಲಿ ಹೇಳುತ್ತೇವೆ. ಮೂರನೆಯ ಪದ ಬಂದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗೆ ಏಳುತ್ತದೆ. ಆ ನಗೆ ಎಲ್ಲಿಂದ ಬಂದಿತೆಂದು ಮಾಸ್ತರರು ಒಮ್ಮೆ ನಿಂತು ಕೇಳಬೇಕು. ಕನ್ನಡ ವ್ಯಾಕರಣದಲ್ಲಿ ಅದು ಕಲ್ಲು, ಮರ, ಎತ್ತು, ಮಳೆಗಳ ಲಿಂಗ, ಮನುಷ್ಯರ ಬೈಗುಳವಲ್ಲ. ಕನ್ನಡದಲ್ಲಿ 'ಬಂದನು', 'ಬಂದಳು' ಎಂದು ಪ್ರಥಮ ಪುರುಷದ ಏಕವಚನದಲ್ಲಿ ಕ್ರಿಯಾಪದ ಲಿಂಗವನ್ನು ಹೇಳಿಬಿಡುತ್ತದೆ. 'ಬಂದರು' ಎಂಬ ಗೌರವದ ಬಹುವಚನದಲ್ಲಿ ಅದು ಮಾಯವಾಗುತ್ತದೆ. ಹೊಸ ಸರ್ವನಾಮಗಳನ್ನು ಹುಡುಕಿ ಇತರ ದೇಶಗಳ ಜನ ಇಂದು ತಡಕಾಡುತ್ತಿರುವಾಗ, ಹಿರಿಯರಿಗೆ ಬಹುವಚನ ಹಚ್ಚುವ ನಮ್ಮ ಹಳೆಯ ಮರ್ಯಾದೆಯೇ ಆ ಕೆಲಸವನ್ನು ಮಾಡಬಲ್ಲದು. ಈ ಲೇಖನದಲ್ಲಿ ನಾವು ಮಂಜಮ್ಮನವರಿಗೆ 'ಅವರು' ಎಂದು, ಕಲ್ಪನೆಯ ಮುದುಕಿಗೆ 'ಅವಳು' ಎಂದು ಬರೆದುದನ್ನು ಸೂಕ್ಷ್ಮಮತಿಗಳು ಗಮನಿಸಿರಬೇಕು. ಬಡ ಮುದುಕಿಗೆ ಬಹುವಚನವನ್ನು ಕೊಡಲು ನಮ್ಮ ಲೇಖನಿಗೂ ಇನ್ನೂ ಅಭ್ಯಾಸ ಸಾಲದು.

ಮರಾಠಿಯಲ್ಲಿ ಹಾಗಲ್ಲ. ಅಲ್ಲಿ 'ನಾನು 'ಬಂದೆ' ಎನ್ನುವಾಗಲೇ ಲಿಂಗ ಹೊರಬೀಳುತ್ತದೆ: ಗಂಡಸು 'ಮೀ ಆಲೋ', ಹೆಂಗಸು 'ಮೀ ಆಲೇ'. ಕೊಲ್ಹಾಪುರದ ಕಡೆಯ ಹೆಂಗಸರ ಆಡುಮಾತಿನಲ್ಲಿ ಮಾತ್ರ 'ಮೀ ಆಲೋ' ಎಂಬುದೇ ಸಹಜ. ಪುಣೆಯವರು ಅದನ್ನು ಕೇಳಿ ನಗುತ್ತಾರೆ. ಅದು ಕನ್ನಡದ ನೆರಳೆಂದು ನಮಗೆ ಎಷ್ಟೋ ಸಲ ಅನಿಸಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆದ ಈ ಗಡಿಸೀಮೆಯಲ್ಲಿ, ಹೆಣ್ಣಾಗಿ ಬಾಳಿದ ಮುದಿಜೀವವೊಂದು ದಿನಕ್ಕೆ ನೂರು ಸಲ 'ಮೀ ಆಲೇ, ಮೀ ಗೇಲೇ' ಎಂದು ತನ್ನನ್ನು ಲೋಕಕ್ಕೆ ಸಾರುತ್ತ ಬಂದಿರಬಹುದು. ಎರಡು ಭಾಷೆ ಬಲ್ಲವರಿಗೆ ಮರೆವಿನ ರೋಗ ಬಂದಾಗ, ಕಲಿತ ಭಾಷೆ ಹಿಂದೆ ಸರಿದು ತಾಯಿನುಡಿ ಮುಂದೆ ಬರುವುದುಂಟು. ಆಗ ಮರಾಠಿಯ ಆ ಕ್ರಿಯಾಪದಗಳು ಒಂದೊಂದಾಗಿ ಉದುರಿ, ಕೊನೆಗೆ ಕನ್ನಡದ ವಾಕ್ಯವೊಂದೇ ಬಾಯಲ್ಲಿ ನಿಲ್ಲುತ್ತದೆ: 'ಅವ್ವಾ, ನಾ ಬಂದೆ.' ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ಆಟದಿಂದ ಬಂದ ಹುಡುಗ ತನ್ನ ತಾಯಿಯನ್ನು ಕರೆಯುತ್ತಿದ್ದಾನೋ, ಗುಡ್ಡದಿಂದ ಕೊಡ ಹೊತ್ತು ಬಂದ ಜೋಗತಿ ಎಲ್ಲಮ್ಮನನ್ನು ಕರೆಯುತ್ತಿದ್ದಾಳೋ, ಆ ವಾಕ್ಯ ಹೇಳುವುದಿಲ್ಲ. ಅದನ್ನು ಬರೆಯಹೊರಟ ಲೇಖಕನು ಮುಂದಿನ ವಾಕ್ಯಕ್ಕೆ ಅವಸರಪಡದೆ ಅವರ ಹಾಸಿಗೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಬೇಕಾಗುತ್ತದೆ.